ಹಿಡಿದಿಡುವ ಆ್ಯಪ್, ಕೆಲಸ ಮುಗಿಸುವ ಆ್ಯಪ್

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಂತ್ರಾ ಕಂಪನಿ ತನ್ನ ಜಾಲತಾಣವನ್ನು ಮುಚ್ಚಿತು. ಬಟ್ಟೆ ಕೊಳ್ಳುವವರು ಇನ್ನು ಆ್ಯಪ್ ಹಾಕಿಕೊಂಡೇ ಕೊಳ್ಳಬೇಕು ಎಂದು ಘೋಷಿಸಿತು. ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಗಿರಾಕಿಗಳಲ್ಲಿ ಬಹುಪಾಲು ಜನ ಆಗಲೇ ಮೊಬೈಲಿನಿಂದ ಬರುತ್ತಿದ್ದರು. ಆ್ಯಪ್ ಒಮ್ಮೆ ಫೋನಿನಲ್ಲಿ ಕೂತರೆ ಅವರ ಅಭಿರುಚಿ ತಿಳಿಯುತ್ತದೆ, ಬೇಕೆಂದಾಗ ನೋಟಿಫಿಕೇಶನ್ ಕಳಿಸಿ ಕರೆಯಬಹುದು, ಬೇರೆ ಅಂಗಡಿಯ ಬೆಲೆಯನ್ನು ಪಕ್ಕದ ಕಿಟಕಿಯಲ್ಲಿ ತೆರೆದು ಹೋಲಿಸುವುದೂ ಅವರಿಗೆ ಅಷ್ಟು ಸುಲಭವಲ್ಲ. ಆದರೆ ಗಿರಾಕಿಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ. ದೊಡ್ಡ ಪರದೆಯಲ್ಲಿ ನೋಡಿ ಕೊಳ್ಳಬೇಕೆನ್ನುವವರು, ಫೋನಿನಲ್ಲಿ ಜಾಗವಿಲ್ಲದವರು, ವರ್ಷಕ್ಕೆರಡು ಬಾರಿ ಕೊಳ್ಳಲು ಒಂದು ಆ್ಯಪ್ ಯಾಕೆ ಎಂದುಕೊಳ್ಳುವವರು ಹೊರಗೇ ಉಳಿದರು. 2016ರಲ್ಲಿ ಮಿಂತ್ರಾ ಮೊದಲು ಮೊಬೈಲ್ ತಾಣವನ್ನು, ಜೂನ್ ಹೊತ್ತಿಗೆ ಕಂಪ್ಯೂಟರಿನ ತಾಣವನ್ನೂ ಮತ್ತೆ ತೆರೆಯಿತು. ಅದರ ಮಾತೃಸಂಸ್ಥೆ ಫ್ಲಿಪ್‌ಕಾರ್ಟ್ 2015ರ ನವೆಂಬರ್‌ನಲ್ಲೇ ‘ಫ್ಲಿಪ್‌ಕಾರ್ಟ್ ಲೈಟ್’ ತಂದು, ಆ್ಯಪ್ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಆ್ಯಪಿನಂತೆ ನಡೆಯುವ ತಾಣವನ್ನು ಕೊಟ್ಟಿತ್ತು.

ಬೆಂಗಳೂರಿನ ತಂತ್ರಜ್ಞಾನ ಲೋಕ ಈ ಪ್ರಸಂಗವನ್ನು ಬೇಗ ಮರೆಯಿತು. ಅದರಲ್ಲಿದ್ದ ಪ್ರಶ್ನೆ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಇನ್ನಷ್ಟು ಮುಂದುವರಿದ, ಇನ್ನಷ್ಟು ಆಕರ್ಷಕವಾದ ಆ್ಯಪ್ ಮಾಡಬೇಕು ಎಂದು ಪ್ರತಿ ಕಂಪನಿಯೂ ಹೇಳುತ್ತದೆ. ಮುಂದುವರಿದದ್ದು ಎಂದರೇನು, ಆಕರ್ಷಕ ಎಂದು ಅಳೆಯುವುದು ಹೇಗೆ? ಉದ್ಯಮದ ಸಿದ್ಧ ಅಳತೆಗೋಲುಗಳು ಮೂರು: ದಿನಕ್ಕೆ ಎಷ್ಟು ಜನ ತೆರೆದರು, ಎಷ್ಟು ಹೊತ್ತು ಇದ್ದರು, ಮಾರನೆಯ ದಿನ ಎಷ್ಟು ಜನ ಮರಳಿದರು. ಇವು ಅಳೆಯಲು ಸುಲಭ. ಒಂದು ಗುಂಡಿಯ ಬಣ್ಣವನ್ನು ಅರ್ಧ ಜನರಿಗೆ ಹಸಿರಾಗಿ, ಇನ್ನರ್ಧ ಜನರಿಗೆ ಕೆಂಪಾಗಿ ತೋರಿಸಿ, ಯಾವುದು ಹೆಚ್ಚು ಹೊತ್ತು ಹಿಡಿದಿಟ್ಟಿತೋ ಅದನ್ನೇ ಉಳಿಸಿಕೊಳ್ಳುವ ಪರೀಕ್ಷೆ ದೊಡ್ಡ ಕಂಪನಿಗಳಲ್ಲಿ ಸದಾ ನಡೆದೇ ಇರುತ್ತದೆ. ಹೀಗೆ ಸಾವಿರ ಸಣ್ಣ ನಿರ್ಧಾರಗಳು ಒಂದೇ ದಿಕ್ಕಿಗೆ ವಾಲಿದಾಗ, ಯಾರೂ ಕೆಟ್ಟದ್ದನ್ನು ಬಯಸದಿದ್ದರೂ, ಬಳಕೆದಾರರು ಬಿಟ್ಟು ಹೋಗಲಾಗದ ಒಂದು ವಸ್ತು ತಯಾರಾಗುತ್ತದೆ. ನನ್ನ ವಾದವಿಷ್ಟು: ಈ ಅಳತೆಗೋಲೇ ತಪ್ಪು. ಒಂದು ಆ್ಯಪ್ ಎಷ್ಟು ಮುಂದುವರಿದಿದೆ ಎಂಬುದನ್ನು ಅದು ಬಳಕೆದಾರರ ಎಷ್ಟು ಶ್ರಮವನ್ನು ತಾನು ಹೊತ್ತುಕೊಂಡಿತು ಎಂಬುದರಿಂದ ಅಳೆಯಬೇಕು. ಕೆಲಸ ಮುಗಿದ ಮೇಲೆ ಅದು ಅವರನ್ನು ಬಿಟ್ಟುಕೊಟ್ಟಿತೇ, ಮುಂದಿನ ಸಲ ಕೆಲಸ ಬಿದ್ದಾಗ ಅವರು ತಾವಾಗಿ ಅದರ ಬಳಿಗೆ ಬಂದರೇ ಎಂಬುದೇ ಅದರ ಆಕರ್ಷಣೆಯ ಪರೀಕ್ಷೆ.

ಹಿಡಿದಿಡುವ ವಿದ್ಯೆ ಮೊಬೈಲಿಗಿಂತ ಹಳೆಯದು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ, ಪ್ರತಿ ಸಲ ಕಾಳು ಸಿಗುವಾಗಿನದಕ್ಕಿಂತ ಯಾವ ಸಲ ಸಿಗುತ್ತದೆಂದು ಗೊತ್ತಿಲ್ಲದಿರುವಾಗ ಹಕ್ಕಿ ಪಟ್ಟು ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂದು ತೋರಿಸಿದ್ದರು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿ.ಜೆ. ಫಾಗ್, ಕಂಪ್ಯೂಟರುಗಳು ಮನುಷ್ಯರ ವರ್ತನೆಯನ್ನು ಹೇಗೆ ಬದಲಿಸಬಲ್ಲವು ಎಂಬುದನ್ನೇ ಅಧ್ಯಯನದ ವಿಷಯವಾಗಿಸಿ ಪ್ರಯೋಗಾಲಯ ತೆರೆದರು. ಬಯಕೆ, ಸುಲಭತೆ, ಸೂಚನೆ ಮೂರೂ ಒಂದೇ ಗಳಿಗೆಯಲ್ಲಿ ಕೂಡಿದರೆ ಮನುಷ್ಯ ಆ ಕೆಲಸ ಮಾಡುತ್ತಾನೆ ಎನ್ನುವುದು ಅವರ ಸೂತ್ರ. ಫಾಗ್ ಇದರ ದುರ್ಬಳಕೆಯ ಬಗ್ಗೆ ಆಗಲೇ ಬರೆದಿದ್ದರು. ಉದ್ಯಮ ಎಚ್ಚರಿಕೆಯನ್ನು ಬಿಟ್ಟು ಸೂತ್ರವನ್ನು ಎತ್ತಿಕೊಂಡಿತು. 2006ರಲ್ಲಿ ಏಜಾ ರಾಸ್ಕಿನ್ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್, 2009ರ ‘ಟ್ವೀಟಿ 2’ ಆ್ಯಪಿನಲ್ಲಿ ಲೊರೆನ್ ಬ್ರಿಕ್ಟರ್ ತಂದ, ಪರದೆಯನ್ನು ಕೆಳಗೆಳೆದು ಹೊಸದನ್ನು ತರಿಸಿಕೊಳ್ಳುವ ವಿಧಾನ, ಎರಡೂ ಹುಟ್ಟಿದ್ದು ಬಳಕೆದಾರರ ತೊಂದರೆ ಕಡಿಮೆ ಮಾಡಲು. ಮುಂದಿನ ಪುಟಕ್ಕೆ ಒತ್ತುವ ಶ್ರಮ ತಪ್ಪಲಿ, ಪರದೆಯಲ್ಲಿ ಒಂದು ಗುಂಡಿ ಕಡಿಮೆಯಾಗಲಿ ಎಂಬುದಷ್ಟೇ ಆಗಿನ ಉದ್ದೇಶ. ಹೊತ್ತನ್ನು ಅಳೆಯುವ ವ್ಯಾಪಾರದ ಕೈಗೆ ಸಿಕ್ಕ ಮೇಲೆ ಇವೇ ಪಾರಿವಾಳದ ಕಾಳಿನ ಯಂತ್ರಗಳಾದವು. ರಾಸ್ಕಿನ್ ತಮ್ಮ ಸೃಷ್ಟಿಯ ಬಗ್ಗೆ ಆಮೇಲೆ ಬಹಿರಂಗವಾಗಿಯೇ ವಿಷಾದಿಸಿದರು. ಇದರಿಂದ ತಿಳಿಯಬೇಕಾದದ್ದು ಮುಖ್ಯ: ಕೆಟ್ಟ ತಂತ್ರ, ಒಳ್ಳೆಯ ತಂತ್ರ ಎಂದು ಮೊದಲೇ ಎರಡು ರಾಶಿ ಇರುವುದಿಲ್ಲ. ಯಾವ ಅಳತೆಗೆ ದುಡಿಯುತ್ತದೆ ಎಂಬುದರ ಮೇಲೆ ತಂತ್ರದ ಗುಣ ನಿಂತಿದೆ.

ಹಿಡಿದಿಡದಿದ್ದರೆ ಜನ ಬರುವುದೇ ಇಲ್ಲ ಎನ್ನುವವರಿಗೆ ವಾಟ್ಸ್ಆ್ಯಪಿನ ಮೊದಲ ಐದು ವರ್ಷಗಳು ಉತ್ತರ. 2009ರಲ್ಲಿ ಯಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್ ಶುರು ಮಾಡಿದ ಈ ಆ್ಯಪಿನಲ್ಲಿ ಜಾಹೀರಾತಿರಲಿಲ್ಲ, ಆಟಗಳಿರಲಿಲ್ಲ, ಅಪರಿಚಿತರ ಪೋಸ್ಟುಗಳನ್ನು ಮುಂದಿಡುವ ಪಟ್ಟಿ ಇರಲಿಲ್ಲ. ಫೋನಿನಲ್ಲಿರುವ ಹೆಸರುಗಳೇ ಸಂಪರ್ಕದ ಪಟ್ಟಿ. ಹೊಸ ಹೆಸರು, ಹೊಸ ಪಾಸ್‌ವರ್ಡ್ ಬೇಡ. ನೋಕಿಯಾದ ಅಗ್ಗದ ಫೋನುಗಳಲ್ಲೂ, ಕೊಂಡಿ ಹರಿದು ಹರಿದು ಸೇರುವ ಟೂಜಿ ಜಾಲದಲ್ಲೂ ಸಂದೇಶ ತಲುಪುತ್ತಿತ್ತು. ತಲುಪಿತೋ ಇಲ್ಲವೋ ಎಂಬುದನ್ನು ಎರಡು ಸಣ್ಣ ಟಿಕ್ ಗುರುತುಗಳು ಹೇಳುತ್ತಿದ್ದವು. 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಅದನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದಾಗ ತಿಂಗಳಿಗೆ 45 ಕೋಟಿ ಜನ ಅದನ್ನು ಬಳಸುತ್ತಿದ್ದರು. ಕಂಪನಿಯಲ್ಲಿದ್ದ ನೌಕರರು 55 ಮಂದಿ. ಅಷ್ಟು ಜನರ ಸಂದೇಶಗಳನ್ನು ಇಷ್ಟು ಚಿಕ್ಕ ತಂಡ ನಿಭಾಯಿಸಿದ್ದು ಎರಿಕ್ಸನ್ ಕಂಪನಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪಿಸಿದ್ದ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಲದಿಂದ. ತಂತ್ರಜ್ಞಾನ ಅತ್ಯಂತ ಮುಂದುವರಿದದ್ದು, ಕಣ್ಣಿಗೆ ಕಾಣುವ ಆ್ಯಪ್ ಅತ್ಯಂತ ಸರಳ. ನಾನು ಮುಂದುವರಿದದ್ದು ಎನ್ನುವುದು ಈ ಜೋಡಿಯನ್ನು.

ಈ ಕಾಣದ ಶ್ರಮ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಆ್ಯಪ್ ಕುರಿತ ಚರ್ಚೆಗಳಲ್ಲಿ ಬಣ್ಣ, ಚಿತ್ರ, ಅನಿಮೇಶನ್‌ಗಳಿಗೆ ಸಿಗುವ ಜಾಗ ಇದಕ್ಕೆ ಸಿಗುವುದಿಲ್ಲ. ಬಳಕೆಯ ವಿನ್ಯಾಸದ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಬರೆದಿಟ್ಟ ಮಿತಿಗಳು ಇವತ್ತಿಗೂ ಬದಲಾಗಿಲ್ಲ: ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉತ್ತರ ಬಂದರೆ ಯಂತ್ರ ತಕ್ಷಣ ಸ್ಪಂದಿಸಿತು ಅನ್ನಿಸುತ್ತದೆ, ಒಂದು ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ, ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. ಮನುಷ್ಯನ ಮಿದುಳಿಗೆ ಹೊಸ ಆವೃತ್ತಿ ಬಂದಿಲ್ಲವಾದ್ದರಿಂದ ಈ ಮಿತಿಗಳೂ ಹಾಗೆಯೇ ಇವೆ. ಬೆರಳಿನ ಸ್ಪರ್ಶಕ್ಕೆ ಐದು ಸೆಕೆಂಡಿನೊಳಗೆ ಆ್ಯಪ್ ಪ್ರತಿಕ್ರಿಯಿಸದಿದ್ದರೆ ಆ್ಯಂಡ್ರಾಯ್ಡ್ ವ್ಯವಸ್ಥೆಯೇ ನಡುವೆ ಬಂದು, ಇದು ಸ್ಪಂದಿಸುತ್ತಿಲ್ಲ, ಮುಚ್ಚಲೇ ಎಂದು ಕೇಳುತ್ತದೆ. ಯುಪಿಐ ಪಾವತಿಯಲ್ಲಿ ಈ ಶ್ರಮದ ತೂಕ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ತರಕಾರಿ ಅಂಗಡಿಯ ಮುಂದೆ ನಿಂತವರು ಪಿನ್ ಒತ್ತಿದ ಮೇಲೆ ಅವರ ಆ್ಯಪ್, ಅವರ ಬ್ಯಾಂಕ್, ರಾಷ್ಟ್ರೀಯ ಪಾವತಿ ನಿಗಮ, ಅಂಗಡಿಯವರ ಬ್ಯಾಂಕ್ ಇಷ್ಟೂ ಕಡೆ ಮಾತುಕತೆ ನಡೆದು ಮುಗಿಯಬೇಕು. ನಡುವೆ ನೆಟ್‌ವರ್ಕ್ ಹೋದರೆ? ಗಾಬರಿಯಿಂದ ಮತ್ತೊಮ್ಮೆ ಒತ್ತಿದರೆ? ಪ್ರತಿ ವ್ಯವಹಾರಕ್ಕೂ ಬೇರೆಯದೇ ಗುರುತುಸಂಖ್ಯೆ ಇರುವುದರಿಂದ, ಅದೇ ವಿನಂತಿ ದಾರಿಯಲ್ಲಿ ಎರಡು ಸಲ ಬಂದರೂ ವ್ಯವಸ್ಥೆ ಒಂದೇ ಸಲ ಹಣ ಕಳೆಯುವಂತೆ ಕಟ್ಟಬಹುದು. ಹಣ ಹೋಗಿ ಆಚೆ ತಲುಪದಿದ್ದರೆ ವಾಪಸು ತರುವ ದಾರಿಯೂ ಬೇಕು. ಏನಾಯಿತೆಂದು ಖಚಿತವಿಲ್ಲದ ಆ ಕೆಲವು ಗಳಿಗೆಗಳಲ್ಲಿ ಪರದೆ ಏನು ಹೇಳಬೇಕು ಎನ್ನುವುದಂತೂ ಕಠಿಣ ಪ್ರಶ್ನೆ. ‘ಆಗಿದೆ’ ಎಂದರೆ ಸುಳ್ಳಾಗಬಹುದು, ‘ಆಗಿಲ್ಲ’ ಎಂದರೆ ಎರಡನೇ ಸಲ ಹಣ ಹೋಗಬಹುದು. ಅಂಗಡಿಗಳಲ್ಲಿ ಹಣ ಬಂತೆಂದು ಕನ್ನಡದಲ್ಲೇ ಕೂಗಿ ಹೇಳುವ ಸಣ್ಣ ಪೆಟ್ಟಿಗೆ ಗೆದ್ದದ್ದು ಇದೇ ಕಾರಣಕ್ಕೆ. ತೂಕ ಮಾಡುತ್ತಿರುವ ಕೈಯನ್ನು ಬಿಡಿಸಿ ಫೋನ್ ನೋಡುವ ಕೆಲಸವನ್ನು ಅದು ತಪ್ಪಿಸಿತು. ಹೊತ್ತನ್ನು ಅಳೆಯುವ ಕೋಲಿನಲ್ಲಿ ಈ ಪೆಟ್ಟಿಗೆಗೆ ಸೊನ್ನೆ ಅಂಕ, ಏಕೆಂದರೆ ಅಂಗಡಿಯವರು ಆ್ಯಪನ್ನು ತೆರೆಯುವುದೇ ಕಡಿಮೆಯಾಯಿತು.

ಕರ್ನಾಟಕದ ಹೊಲಗಳಲ್ಲಿ ಪರೀಕ್ಷೆ ಇನ್ನೂ ಕಠಿಣ. 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ತಂದಿತು. ಸರ್ವೆ ನಂಬರ್ ಆರಿಸಿ, ಹೊಲದಲ್ಲಿ ನಿಂತು, ಬೆಳೆಯ ಫೋಟೊ ತೆಗೆದು ಕಳಿಸಬೇಕು. ಬೆಳೆ ವಿಮೆ, ನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ಈ ಮಾಹಿತಿ ಆಧಾರ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಕಟ್ಟಿದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ರೈತ ತಿಂಗಳುಗಟ್ಟಲೆ ಇವನ್ನು ತೆರೆಯದೇ ಇರಬಹುದು, ತೆರೆದ ದಿನ ತಪ್ಪಿದರೆ ಮಾತ್ರ ನಷ್ಟ ನೇರವಾಗಿ ರೈತನದು. ಹೊಲದಲ್ಲಿ ನೆಟ್‌ವರ್ಕ್ ಇರುತ್ತದೆ ಎಂದು ನಂಬಿ ಇಂಥ ಆ್ಯಪ್ ಕಟ್ಟುವಂತಿಲ್ಲ. ಉಪಗ್ರಹದಿಂದ ಜಾಗ ತಿಳಿಯಲು ಇಂಟರ್ನೆಟ್ ಬೇಕಿಲ್ಲ, ಆದರೆ ಊರಿನ ನಕ್ಷೆ ಮೊದಲೇ ಫೋನಿಗೆ ಇಳಿದಿರಬೇಕು. ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಉಪಗ್ರಹದ ಸಂಕೇತ ದುರ್ಬಲವಾಗಿ ಜಾಗ ಕೆಲವು ಮೀಟರ್ ಆಚೀಚೆ ತೋರಬಹುದು. ಬದುವಿನ ಪಕ್ಕದ ಗಿಡಕ್ಕೆ ಅಷ್ಟು ವ್ಯತ್ಯಾಸವೇ ಸಾಕು, ಅದು ನೆರೆಯವರ ಸರ್ವೆ ನಂಬರಿಗೆ ಸೇರಿಬಿಡುತ್ತದೆ. ಫೋಟೊ, ಜಾಗ, ಸಮಯ ಮೂರನ್ನೂ ಫೋನಿನೊಳಗಿನ ದತ್ತಸಂಚಯದಲ್ಲಿ ಭದ್ರವಾಗಿಟ್ಟು, ಊರಿಗೆ ಮರಳಿ ಸಿಗ್ನಲ್ ಸಿಕ್ಕಾಗ ತಾನಾಗಿ ಕಳಿಸಿ, ತಲುಪಿದ್ದಕ್ಕೆ ಗುರುತು ತೋರಿಸುವ ಆ್ಯಪ್, ಎಂಥ ಅನಿಮೇಶನ್ ಇರುವ ಆ್ಯಪಿಗಿಂತಲೂ ಮುಂದುವರಿದದ್ದು. ಇದನ್ನು ಕಟ್ಟುವುದು ಕಷ್ಟ, ತೋರಿಸುವುದು ಇನ್ನೂ ಕಷ್ಟ. ಮಂತ್ರಿಗಳು ಬಿಡುಗಡೆ ಮಾಡುವ ಸಭಾಂಗಣದಲ್ಲಿ ವೈ-ಫೈ ಇರುತ್ತದಲ್ಲ!

ಭಾಷೆಯ ವಿಷಯದಲ್ಲೂ ಹೀಗೆಯೇ. ಕನ್ನಡದಲ್ಲಿ ಆ್ಯಪ್ ಇದೆ ಎಂದರೆ ಇಂಗ್ಲಿಷ್ ಪದಗಳ ಪಟ್ಟಿಯನ್ನು ಅನುವಾದಕರಿಗೆ ಕೊಟ್ಟು ತುಂಬಿಸಿದ್ದೇವೆ ಎಂದಷ್ಟೇ ಅರ್ಥವಾಗುತ್ತಿದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಗುಂಡಿಯಲ್ಲಿ ಕನ್ನಡದ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಪದ ಉದ್ದವಾದರೆ ಅರ್ಧಕ್ಕೆ ನಿಂತು ಮೂರು ಚುಕ್ಕಿ ಬೀಳುತ್ತವೆ. ಬಳಕೆದಾರರ ಹೆಸರಿಗೆ ವಿಭಕ್ತಿ ಪ್ರತ್ಯಯವನ್ನು ಯಂತ್ರ ಅಂಟಿಸಿದಾಗ ‘ಸೀತಾ ಅವರಿಗೆ’ ಎಂದು ಬರಬೇಕಾದ ಕಡೆ ‘ಸೀತಾ ಗೆ’ ಎಂದು ಬಂದು ನಿಲ್ಲುತ್ತದೆ. ಇವೆಲ್ಲ ವಿನ್ಯಾಸದ ಮೊದಲ ದಿನವೇ ಕನ್ನಡದ ಸಾಲನ್ನು ಪರದೆಯ ಮೇಲಿಟ್ಟು ನೋಡಿದರೆ ತಪ್ಪುವ ದೋಷಗಳು. ಕಣ್ಣು ಕಾಣದವರು ಬಳಸುವ, ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಓದುವುದು ಗುಂಡಿಗೆ ಬರೆದಿಟ್ಟ ಹೆಸರನ್ನು. ಹೆಸರೇ ಬರೆಯದಿದ್ದರೆ ಅವರಿಗೆ ಪ್ರತಿ ಗುಂಡಿಯೂ ಬರೀ ‘ಬಟನ್’ ಎಂದು ಕೇಳುತ್ತದೆ. ಒಂದು ಗುಂಡಿಗೆ ಹೆಸರು ಬರೆಯಲು ಡೆವಲಪರ್‌ಗೆ ಹಿಡಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಅದನ್ನು ಬಿಟ್ಟಿರುವುದಕ್ಕೆ ಯಾವ ನೆಪವೂ ಇಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಹಣದ್ದು. ಜನ ಆ್ಯಪಿಗೆ ದುಡ್ಡು ಕೊಡುವುದಿಲ್ಲ, ಜಾಹೀರಾತೇ ಆದಾಯ, ಜಾಹೀರಾತಿಗೆ ಹೊತ್ತು ಬೇಕು, ಹಾಗಾಗಿ ಹಿಡಿದಿಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ನಾನು ಮೇಲೆ ಹೊಗಳಿದ ವಾಟ್ಸ್ಆ್ಯಪ್ ವರ್ಷಕ್ಕೆ ಒಂದು ಡಾಲರ್ ಶುಲ್ಕದ ಪದ್ಧತಿ ಇಟ್ಟಿತ್ತು, ಫೇಸ್‌ಬುಕ್ ಕೈಸೇರಿದ ಮೇಲೆ 2016ರಲ್ಲಿ ಅದನ್ನು ಕೈಬಿಟ್ಟಿತು. ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಶುಲ್ಕ ಹಾಕುವಂತಿಲ್ಲ. ಹೀಗಾಗಿ ಪಾವತಿ ಆ್ಯಪುಗಳಿಗೆ ಮೂಲ ಸೇವೆಯಿಂದ ಬರುವ ಆದಾಯ ತೀರ ಕಡಿಮೆ. ಸಾಲದ ಜಾಹೀರಾತು, ವಿಮೆಯ ಒತ್ತಾಯ, ಕೆರೆದು ನೋಡುವ ಬಹುಮಾನದ ಕಾರ್ಡುಗಳು ಪಾವತಿಯ ಪರದೆಯ ಸುತ್ತ ತುಂಬಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಆದರೆ ದಾರಿಯೇ ಇಲ್ಲ ಎನ್ನುವ ಮಾತಿಗೆ ಬೆಂಗಳೂರಿನ ಆಟೊಗಳೇ ಉತ್ತರ ಕೊಟ್ಟಿವೆ. 2022ರ ಕೊನೆಯಲ್ಲಿ ಆಟೊ ಚಾಲಕರ ಸಂಘಟನೆ ಮತ್ತು ಜಸ್‌ಪೇ ಕಂಪನಿ ಸೇರಿ ತಂದ ‘ನಮ್ಮ ಯಾತ್ರಿ’ ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡಿಯುವ ಪದ್ಧತಿಯನ್ನು ಬಿಟ್ಟಿತು. 2023ರಲ್ಲಿ ಚಾಲಕರಿಂದ ದಿನಕ್ಕೆ 25 ರೂಪಾಯಿಯ ಶುಲ್ಕ ತಂದಿತು. ಬಾಡಿಗೆಯ ಹಣ ಪ್ರಯಾಣಿಕರಿಂದ ನೇರ ಚಾಲಕರಿಗೆ. ಆ್ಯಪಿನ ಸೋರ್ಸ್ ಕೋಡನ್ನು ಎಲ್ಲರೂ ನೋಡುವಂತೆ ತೆರೆದಿಟ್ಟರು. ಎಷ್ಟು ಪ್ರಯಾಣ ನಡೆದವು, ಚಾಲಕರು ಎಷ್ಟು ಗಳಿಸಿದರು ಎಂಬ ಅಂಕಿಗಳನ್ನೂ ಸಾರ್ವಜನಿಕವಾಗಿ ಇಟ್ಟರು. ಇದರಲ್ಲಿ ಕೊರತೆಗಳಿಲ್ಲವೆಂದಲ್ಲ, ಆಟೊ ಸಿಗದೆ ಕಾಯುವ ಪಾಡು ಎಲ್ಲ ಆ್ಯಪುಗಳಲ್ಲಿರುವಂತೆ ಇದರಲ್ಲೂ ಇದೆ. ಆದರೆ ಕಮಿಷನ್ ಬಿಟ್ಟು ಚಂದಾ ಹಣದಲ್ಲಿ ನಡೆಸುವ ದಾರಿಗೆ ಆಮೇಲೆ ಉಬರ್‌ನಂಥ ದೈತ್ಯ ಕಂಪನಿಯೂ ಆಟೊಗಳ ಮಟ್ಟಿಗೆ 2025ರಲ್ಲಿ ಬರಬೇಕಾಯಿತು. ಸೇವೆಗೆ ಸಣ್ಣ, ಸ್ಪಷ್ಟ ಬೆಲೆ ಕೇಳಿದರೆ ಜನ ಕೊಡುತ್ತಾರೆ. ಯುಪಿಐಗೂ ದೊಡ್ಡ ವ್ಯಾಪಾರಿಗಳಿಂದ ಅಲ್ಪ ಶುಲ್ಕ ಪಡೆಯುವುದು, ಸಾಲದ ಜಾಹೀರಾತಿನಿಂದ ಬದುಕುವುದಕ್ಕಿಂತ ಪ್ರಾಮಾಣಿಕ ದಾರಿ ಎಂದೇ ನನ್ನ ನಿಲುವು.

ಎರಡನೇ ಆಕ್ಷೇಪ ಆಟಗಳದ್ದು. ಆಟ, ಸಿನಿಮಾ, ಸಂಗೀತಗಳಲ್ಲಿ ಕಳೆಯುವ ಹೊತ್ತೇ ಸುಖ, ಅಲ್ಲಿ ಬೇಗ ಮುಗಿಸಿ ಕಳಿಸು ಎಂದರೆ ಅರ್ಥವಿಲ್ಲ. ಒಪ್ಪಿದೆ. ಆದರೆ ಮಿತಿ ಇದ್ದರೆ ಆಕರ್ಷಣೆ ಸಾಯುತ್ತದೆ ಎಂಬುದನ್ನು ವರ್ಡ್‌ಲ್ ಸುಳ್ಳು ಮಾಡಿತು. ಜೋಶ್ ವಾರ್ಡಲ್ ರೂಪಿಸಿದ ಈ ಪದದಾಟದಲ್ಲಿ ದಿನಕ್ಕೆ ಒಂದೇ ಒಗಟು. ಆಗ ನೋಟಿಫಿಕೇಶನ್ ಇರಲಿಲ್ಲ, ಜಾಹೀರಾತಿರಲಿಲ್ಲ, ಆಡಲು ಆ್ಯಪ್ ಕೂಡ ಬೇಕಿರಲಿಲ್ಲ, ಫೋನಿನ ಬ್ರೌಸರ್ ಸಾಕಿತ್ತು. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ, 2022ರ ಜನವರಿ 2ರಂದು, ಅದು 3 ಲಕ್ಷಕ್ಕೇರಿತು. ಆ ತಿಂಗಳು ಮುಗಿಯುವಷ್ಟರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. ನಾಳೆಯವರೆಗೆ ಕಾಯಬೇಕು ಎಂಬುದೇ ಅದರ ರುಚಿಯಾಗಿತ್ತು. ಕಲಿಕೆಯ ಆ್ಯಪುಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಭಾಷೆ ಕಲಿಯಲು ದಿನನಿತ್ಯದ ಅಭ್ಯಾಸ ಬೇಕು, ಹಾಗಾಗಿ ಡ್ಯುವೊಲಿಂಗೊ ಮಾಡುವಂತೆ ಬಿಡದೆ ಎಷ್ಟು ದಿನ ಕಲಿತಿರಿ ಎಂದು ಎಣಿಸಿ ತೋರಿಸುವುದು ಉಪಯುಕ್ತ. ಎಣಿಕೆ ಕಲಿಕೆಯ ಸೇವಕನಾಗಿರುವವರೆಗೆ ಸರಿ. ಒಂದು ದಿನ ತಪ್ಪಿದರೆ ಎಣಿಕೆ ಮುರಿಯುತ್ತದೆಂಬ ಭಯಕ್ಕೆ ಗೊತ್ತಿದ್ದ ಸುಲಭದ ಪಾಠವನ್ನೇ ಮತ್ತೆ ಒತ್ತಿ ಮಲಗುವ ಹಂತ ಬಂದಾಗ, ಕಲಿಯುವವರು ಆ್ಯಪಿಗೆ ದುಡಿಯತೊಡಗಿರುತ್ತಾರೆ. ಆ ಗೆರೆ ಎಲ್ಲಿದೆಯೆಂದು ಹೊರಗಿನವರಿಗೆ ಹೇಳಲಾಗದು. ಕಲಿತದ್ದನ್ನು ಅಳೆಯುವ ಪರೀಕ್ಷೆಯ ಅಂಕಿ ಕಂಪನಿಯ ಬಳಿ ಇರುತ್ತದೆ. ಅದನ್ನು ಗುರಿಯಾಗಿಟ್ಟುಕೊಂಡರೆ ಗೆರೆ ತಾನಾಗಿ ಕಾಣುತ್ತದೆ.

ಇದೆಲ್ಲ ಬಳಕೆದಾರರ ಸಂಯಮಕ್ಕೆ ಬಿಟ್ಟದ್ದು, ಬೇಡವಾದರೆ ಅಳಿಸಿ ಹಾಕಲಿ ಎನ್ನುವ ಮಾತೂ ಇದೆ. ಒಂದು ಕಡೆ ನೂರಾರು ಎಂಜಿನಿಯರುಗಳು, ಕೋಟ್ಯಂತರ ಜನರ ಮೇಲಿನ ಪರೀಕ್ಷೆಯ ಫಲಿತಾಂಶ, ಇನ್ನೊಂದು ಕಡೆ ರಾತ್ರಿ ಹನ್ನೊಂದಕ್ಕೆ ದಣಿದು ಫೋನ್ ಹಿಡಿದ ಒಬ್ಬ ವ್ಯಕ್ತಿ. ಈ ಅಸಮತೆಯಲ್ಲಿ ಸಂಯಮದ ಉಪದೇಶ ನ್ಯಾಯವಲ್ಲ. ಕಾನೂನು ಇದನ್ನು ನಿಧಾನವಾಗಿ ಗುರುತಿಸುತ್ತಿದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಫೋರ್ಟ್‌ನೈಟ್ ಆಟದಲ್ಲಿ ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಆಟಗಾರರಿಂದ ಬೇಡದ ಖರೀದಿ ಮಾಡಿಸಿದ ಆರೋಪದಲ್ಲಿ ಎಪಿಕ್ ಗೇಮ್ಸ್ ಕಂಪನಿ 24.5 ಕೋಟಿ ಡಾಲರ್ ವಾಪಸು ಕೊಡುವಂತೆ ಮಾಡಿತು. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಇನ್ನೆರಡೇ ಉಳಿದಿವೆ ಎಂದು ಸುಳ್ಳು ಆತುರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು, ಚಂದಾ ರದ್ದುಮಾಡುವ ದಾರಿಯನ್ನು ಬಚ್ಚಿಡುವುದು, ಬೇಡವೆಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದು ಅವುಗಳಲ್ಲಿ ಸೇರಿವೆ. 2022ರ ಆ್ಯಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ನೋಟಿಫಿಕೇಶನ್ ಕಳಿಸಲು ಮೊದಲು ಅನುಮತಿ ಪಡೆಯಬೇಕು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಕಾನೂನು ವಂಚನೆಯನ್ನು ತಡೆಯಬಲ್ಲದು, ಒಳ್ಳೆಯ ಆ್ಯಪ್ ಕಟ್ಟಿಕೊಡಲಾರದು.

ಈಗ ಪ್ರತಿ ಆ್ಯಪಿನಲ್ಲೂ ಕೃತಕ ಬುದ್ಧಿಮತ್ತೆಯ ಸಂಭಾಷಣೆ ಸೇರುತ್ತಿದೆ. ಕನ್ನಡದಲ್ಲಿ ಮಾತಾಡಿದರೆ ಅರ್ಥಮಾಡಿಕೊಳ್ಳುವ ಯಂತ್ರಗಳಿಗಾಗಿ ಐಐಟಿ ಮದ್ರಾಸಿನ ಎಐ4ಭಾರತ್, ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಗಳು ಕೆಲಸ ಮಾಡುತ್ತಿವೆ. ಟೈಪ್ ಮಾಡಲು ಬಾರದವರು ಬಾಯಲ್ಲಿ ಹೇಳಿ ಪಹಣಿ ತರಿಸಿಕೊಳ್ಳುವಂತಾದರೆ ಅದಕ್ಕಿಂತ ದೊಡ್ಡ ಮುನ್ನಡೆ ಬೇರೆ ಬೇಕಿಲ್ಲ. ಇದೇ ತಂತ್ರ ಕೆಲಸ ಮುಗಿದ ಮೇಲೂ ಮಾತು ಬೆಳೆಸಿ ಜನರನ್ನು ಕೂರಿಸಿಕೊಳ್ಳಬಲ್ಲದು. ಯಾವುದಾಗುತ್ತದೆ ಎಂಬುದು ಕಟ್ಟಿಸುವವರು ಯಾವ ಅಂಕಿ ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಖಾಸಗಿ ಕಂಪನಿಗಳು ಏನು ಕೇಳಬೇಕೆಂದು ನಾವು ಹೇಳಲಾಗದಿರಬಹುದು. ಸರ್ಕಾರ ನಮ್ಮ ತೆರಿಗೆಯ ಹಣದಲ್ಲಿ ಕಟ್ಟಿಸುವ ಆ್ಯಪುಗಳ ಬಗ್ಗೆ ಹೇಳುವ ಹಕ್ಕು ನಮಗಿದೆ. ಎಷ್ಟು ಲಕ್ಷ ಡೌನ್‌ಲೋಡ್ ಆಯಿತು ಎಂದು ಪ್ರಕಟಣೆ ಕೊಡುವುದನ್ನು ನಿಲ್ಲಿಸಿ, ಶುರು ಮಾಡಿದ ನೂರು ಅರ್ಜಿಗಳಲ್ಲಿ ಎಷ್ಟು ಮುಗಿದವು, ಸರಾಸರಿ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಇಲಾಖೆಗಳು ತಿಂಗಳಿಗೊಮ್ಮೆ ಪ್ರಕಟಿಸಲಿ. ನೆಟ್‌ವರ್ಕ್ ಇಲ್ಲದೆಯೂ ದಾಖಲೆ ಉಳಿಯಬೇಕು, ಅಗ್ಗದ ಫೋನಿನಲ್ಲಿ ನಡೆಯಬೇಕು, ಕನ್ನಡದ ಪರದೆ ಮೊದಲು ತಯಾರಾಗಬೇಕು, ಟಾಕ್‌ಬ್ಯಾಕಿನಲ್ಲಿ ಪ್ರತಿ ಗುಂಡಿಯೂ ತನ್ನ ಹೆಸರು ಹೇಳಬೇಕು ಎಂಬ ನಾಲ್ಕು ಷರತ್ತುಗಳನ್ನು ಆ್ಯಪ್ ಕಟ್ಟಿಸುವ ಪ್ರತಿ ಟೆಂಡರಿನಲ್ಲೂ ಬರೆಯಲಿ. ಈ ನಾಲ್ಕು ಪೂರೈಸುವವರೆಗೆ ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣ ಕೊಡಬಾರದು.